ಬಾಗಲದಾಗ ಕುಂತು ಉಂಡ ರೊಟ್ಟಿ

ನಾ ಒಬ್ಬಾಕಿ ಬಾಣಂತಿ ಮನಿ ಬಾಗಲದಾಗ ಕುಂತು ರೊಟ್ಟಿ ತಿಂದೀನಿ. ಒಳಗ ಒಲಿ ಹಚ್ಚಿದ್ದಿಲ್ಲ. ನಾ ಹೊರಗ ಕುಂತು ಪುಂಡಿಪಲ್ಯ ಹಚ್ಕೊಂಡು, ಬೆರಳ ನೆಕ್ಕಿ ತಿಂದೆ. ಇದನ್ನ ಮೊದ್ಲ ಹೇಳಿಬಿಡ್ತೀನಿ. ಕಡೀಕ ಹೇಳಿದ್ರ ಅಷ್ಟೊತ್ತಿಗಿ ನೀವು ನನ್ನ ಭಾಳ ಛಲೋ ಹೆಣಮಗಳು ಅಂತ ತಿಳ್ಕೊಂಡಿರ್ತೀರಿ. ನಾ ಅಂಥಾಕಿ ಅಲ್ಲ.

ನನ್ನ ಹೆಸರು ಅಂಬಿಕಾ. ಸೇಡಂದಾಗ ಕಾಗಿಣಾ ಹೊಳಿ ದಂಡಿಗಿ ನಮ್ಮ ಓಣಿ. ಮಾವನ ಕಾಲಕ್ಕ ಮೀನ ಹಿಡೀತಿದ್ರು. ಈಗ ಆ ಬಲಿ ಅಟ್ಟದ ಮ್ಯಾಲ ಬಿದ್ದದ, ಇಲಿ ಕಡದು ಹಾಳ ಮಾಡ್ಯಾವ. ಹೊಳಿ ಬಂದ್ರ ಮೊದ್ಲ ನಮ್ಮ ಮನ್ಯಾಗ ಬರ್ತದ. ಸರಕಾರದವ್ರು ನೀರ ಇಳದ ಮ್ಯಾಲ ಬರ್ತಾರ. ಗ್ವಾಡಿ ಮ್ಯಾಲ ರಾಡಿ ಎಲ್ಲಿತನ ಏರ್ಯದ ಅಂತ ಫೋಟೋ ಹೊಡ್ಕೊಂಡು ಹೋಗ್ತಾರ.

ನಾ ಕುರಕುಂಟಾ ರೋಡಿಗಿ ಫರಸಿ ಕಲ್ಲ ಪಾಲಿಶ್ ಮಾಡೋ ಕಾರಖಾನ್ಯಾಗ ದುಡಿತೀನಿ. ಮಷಿನ್ ಕಲ್ಲ ತಿಕ್ಕತದ, ಮ್ಯಾಲಿಂದ ನೀರ ಸುರೀತದ. ಕಲ್ಲ ಎತ್ತಿ ಇಡೋದು, ತಿರುವಿ ಹಾಕೋದು, ತೊಳಿಯೋದು, ಗ್ವಾಡಿಗಿ ಆನಿಸಿ ನಿಂದ್ರಸೋದು ನಮ್ಮ ಕೆಲಸ. ಇಡೀ ದಿನ ಕಾಲು ಬಿಳಿ ರಾಡ್ಯಾಗ ಇರ್ತಾವ. ಕಾಲ ಬೆರಳ ಸಂದ್ಯಾಗ ಹುಣ್ಣ. ಹೆಬ್ಬೆಟ್ಟಿನ ಗೆರಿ ಎಲ್ಲ ಕಲ್ಲ ತಿಂದಾವ. ರೇಶನ್ ಅಂಗಡ್ಯಾಗ ಮಷಿನ್ ಮ್ಯಾಲ ಬೆರಳ ಇಟ್ರ ಅದು ನನ್ನ ಗುರ್ತ ಹಿಡಿಯಂಗಿಲ್ಲ. ದಿನಕ್ಕ ಮುನ್ನೂರೈವತ್ತು ರೂಪಾಯಿ. ಅರ್ಧ ದಿನ ತಪ್ಪಿದ್ರ ಇಡೀ ದಿನದ ಪಗಾರ ಕಟ್.

ಸಾಲ ಹೆಂಗಾಯ್ತು ಕೇಳ್ರಿ. ನಮ್ಮ ಮನಿಯವ್ರು ಅಂಬರೇಶ, ಸಿಮೆಂಟ್ ಚೀಲ ಲಾರಿಗಿ ತುಂಬೋ ಹಮಾಲಿ. ಎರಡು ವರ್ಷದ ಹಿಂದ ಚೀಲದ ಥಪ್ಪಿ ಮೈಮ್ಯಾಲ ಜರದು ಸೊಂಟದ ಎಲುವು ಮುರೀತು. ಗುತ್ತೇದಾರ ದವಾಖಾನಿತನ ಬಂದ. ಒಂದು ಬಿಸ್ಕೀಟ ಪಾಕೀಟ ತಂದಿದ್ದ. "ನಿನ್ನ ಹೆಸರ ನನ್ನ ವಹಿಯಾಗ ಇಲ್ಲಪಾ, ನೀ ಅವತ್ತ ಬದಲಿ ಬಂದಾಂವ" ಅಂದ. ಹನ್ನೊಂದು ವರ್ಷ ಚೀಲ ಹೊತ್ತಾಂವ ಬದಲಿ ಅಂತ! ಥೂ. ಆ ಬಿಸ್ಕೀಟ ನಾ ದವಾಖಾನಿ ಹೊರಗಿನ ನಾಯಿಗಿ ಹಾಕ್ದೆ. ಕಲಬುರಗ್ಯಾಗ ಆಪರೇಶನ್ ಆಯ್ತು. ಐವತ್ತು ಸಾವಿರ ಬೇಕಾಯ್ತು. ಯಾರ ಕೊಡ್ತಾರ ನಮಗ? ಫೈನಾನ್ಸಿನವ್ರು ಕೊಟ್ರು.

ಆ ಫೈನಾನ್ಸಿನ ಹೆಸರ ನಾ ಹೇಳಂಗಿಲ್ಲ. ಬಾಯಾಗ ತಂದ್ರ ಬಾಯಿ ತೊಳೀಬೇಕಾಗ್ತದ.

ಹತ್ತು ಮಂದಿ ಹೆಣಮಕ್ಕಳ ಗುಂಪು. ಗುಂಪಿನ ಮುಖ್ಯಸ್ಥಿ ಭಾಗ್ಯಜ್ಯೋತಿ, ನಮ್ಮ ಓಣಿ ತುದ್ಯಾಗ ಕಿರಾಣಿ ಅಂಗಡಿ ಇಟ್ಟಾಕಿ. ಪ್ರತಿ ಗುರುವಾರ ಮುಂಜಾನಿ ಏಳಕ್ಕ ಆಕಿ ಅಂಗಳದಾಗ ಮೀಟಿಂಗು. ಫೈನಾನ್ಸಿನ ಅಮರನಾಥ ಸರ ಗಾಡಿ ಮ್ಯಾಲ ಬರ್ತಿದ್ದ. ಇಸ್ತ್ರಿ ಅಂಗಿ, ಮೈಗಿ ಸೆಂಟು. ಭಾಗ್ಯಜ್ಯೋತಿ ಕುರ್ಚಿ ಹಾಕ್ತಿದ್ಳು, ಆತ ತನ್ನ ದಸ್ತಿಲಿಂದ ಅದನ್ನ ಮತ್ತೊಮ್ಮಿ ಒರಸ್ಕೊಂಡು ಕುಂದ್ರತಿದ್ದ. ನಾವು ನೆಲಕ್ಕ ಎರಡು ಸಾಲು ಮಾಡಿ ಕುಂದ್ರಬೇಕು, ಕೈ ಮುಂದ ಮಾಡಿ ಪ್ರತಿಜ್ಞಾ ಹೇಳ್ಬೇಕು. ಸಾಲಿ ಮಕ್ಕಳಗತೆ. ವಾರ ವಾರ ಕಂತಿನ ಸಹಿ ಹಾಕೋ ನೀಲಿ ಕಾರ್ಡಿನ ಹಿಂದ ಅದನ್ನ ಅಚ್ಚ ಹೊಡಿಸಿದ್ರು: "ನಾವೆಲ್ಲರೂ ಒಂದೇ ಕುಟುಂಬ. ನಮ್ಮಲ್ಲಿ ಒಬ್ಬರ ಹಣ ಬಾಕಿ ಇರುವವರೆಗೆ ಯಾರೂ ಏಳುವುದಿಲ್ಲ."

ಅದು ಬರೇ ಮಾತಲ್ಲ. ಯಾರಾದ್ರೂ ಒಬ್ಬಾಕಿ ರೊಕ್ಕ ತರ್ಲಿಲ್ಲಂದ್ರ ಉಳದ ಒಂಬತ್ತು ಮಂದಿ ಆಕಿ ಮನಿಗಿ ಹೋಗಿ ಬಾಗಲದಾಗ ಕುಂದ್ರಬೇಕು. ಆಕಿ ಕೊಡೋತನ ಏಳಂಗಿಲ್ಲ. ಫೈನಾನ್ಸಿನವ್ರು ಬರಂಗಿಲ್ಲ, ಬೈಯಂಗಿಲ್ಲ, ಕೈ ಹಚ್ಚಂಗಿಲ್ಲ. ನಮ್ಮ ಹೊಲಸು ನಮ್ಮ ಕೈಲಿಂದೇ ಎತ್ತಸ್ತಾರ, ತಾವು ಮೂಗ ಮುಚ್ಕೊಂಡು ದೂರ ನಿಂದ್ರತಾರ.

ವಾರಕ್ಕ ಆರುನೂರೈವತ್ತು ಸಾಲದ ಕಂತು. ಅದರ ಮ್ಯಾಲ ನೂರು ರೂಪಾಯಿ ಉಳಿತಾಯ. ಆ ನೂರು ನಮ್ಮದೇ, ಸಾಲ ಮುಗದ ದಿನ ಒಮ್ಮೆಲೆ ಕೈಯಾಗ ಕೊಡ್ತೀವಿ ಅಂದಿದ್ರು. ನೂರಾ ನಾಕು ವಾರಕ್ಕ ಹತ್ತು ಸಾವಿರದ ನಾಕುನೂರು ಆಗ್ತದ. ನನ್ನ ಮಗಳು ಸುಶ್ಮಿತಾ ಆಗ ಪಿಯುಸಿ ಮೊದ್ಲನೇ ವರ್ಷ. ಅಪ್ಪನ ದವಾಖಾನ್ಯಾಗ ನರ್ಸುಗೋಳನ್ನ ನೋಡಿ ನಾನೂ ನರ್ಸಿಂಗ್ ಓದ್ತೀನಬೇ ಅಂದಿದ್ಳು. ನಾ ಆ ನೀಲಿ ಕಾರ್ಡ ಅಕ್ಕಿ ಡಬ್ಬ್ಯಾಗ ಇಟ್ಟೆ. ಇದು ನಿನ್ನ ಕಾಲೇಜಿಂದು ಅಂತ ಆಕಿಗಿ ಹೇಳ್ದೆ.

ಎರಡು ವರ್ಷ ಹೆಂಗ ಕಟ್ಟೀನಿ ನನಗ ಗೊತ್ತು. ಚಹಾದಾಗ ಹಾಲ ಬಿಟ್ವಿ. ಸಂಜಿಗಿ ಪಲ್ಯ ಬಿಟ್ವಿ, ಶೇಂಗಾ ಹಿಂಡಿ ನೀರಾಗ ಕಲಿಸ್ಕೊಂಡು ಉಂಡ್ವಿ. ಮುಟ್ಟಾದಾಗ ಹರಕ ಸೀರಿ ತುಂಡು ಕಟ್ಕೊಂಡು ಒದ್ದಿ ನೀರಾಗ ನಿಂತು ಕಲ್ಲ ಎತ್ತೀನಿ, ತೊಡಿ ಕೆತ್ತಿ ರಕ್ತ ಬಂದದ. ಮನಿಯವ್ರು ಎದ್ದು ಓಡ್ಯಾಡೋಹಂಗ ಆದ್ಮ್ಯಾಲ ಬ್ಯಾಳಿ ಮಿಲ್ಲಿನ್ಯಾಗ ಗೇಟ್ ಕಾಯಾಕ ಹೋದ್ರು. ಸುಶ್ಮಿತಾ ಎರಡು ವರ್ಷ ಒಂದೇ ಜೋಡಿ ಚಪ್ಪಲ್ ಹೊಲಿಸಿ ಹೊಲಿಸಿ ಹಾಕ್ಯಾಳ. ಒಂದು ಗುರುವಾರನೂ ನಾ ತಪ್ಪಸ್ಲಿಲ್ಲ.

ತಪ್ಪಸದಾಕಿಗಿ ಸೊಕ್ಕ ಬರ್ತದ. ನನಗ ಬಂತು.

ಗುಂಪಿನ್ಯಾಗ ಇಬ್ಬಿಬ್ರು ಜೋಡಿ ಮಾಡಿ ಒಬ್ಬರಿಗೊಬ್ಬರು ಜಾಮೀನು ಸಹಿ ಮಾಡ್ಸಿದ್ರು. ನನ್ನ ಜೋಡಿ ತಾಜುನ್ನಿಸಾ. ನನಕಿಂತ ದೊಡ್ಡಾಕಿ, ಆಪಾ ಅಂತಿದ್ದೆ. ಹಿಂದಿನ ಓಣ್ಯಾಗ ಮನಿ. ಗಂಡ ತೀರಿ ಆರು ವರ್ಷ. ಒಂದು ಹಾಲಿನ ಆಡು ಇತ್ತು. ಹಾಲ ಚಹಾದ ಅಂಗಡಿಗಿ ಹಾಕ್ತಿದ್ಳು, ಸೀಸನ್ ಇದ್ದಾಗ ಮಿಲ್ಲಿನ್ಯಾಗ ತೊಗರಿ ಹಸನ ಮಾಡ್ತಿದ್ಳು. ಮಗಳು ಶಗುಫ್ತಾ ಹಡಿಲಾಕ ಬಂದ್ಳು. ಹೊಟ್ಟಿ ಕೊಯ್ದು ಕೂಸು ತಗದ್ರು. ಆಪಾನ ರೊಕ್ಕ ಎಲ್ಲ ಅಲ್ಲಿ ಹೋಯ್ತು. ಎಂಬತ್ತೆಂಟನೇ ವಾರಕ್ಕ ಆಕಿದು ಎರಡು ಕಂತು ನಿಂತವು.

"ನಡೀರಿ, ಕುಂದ್ರಿ ಹೋಗಿ" ಅಂದ ಅಮರನಾಥ. "ಅಂಬಿಕಾ ಮೇಡಂ, ಜಾಮೀನು ನಿಮ್ಮದದ. ನೀವು ಮುಂದ ಇರ್ಬೇಕು."

ಹೋದ್ವಿ. ನನಗ ಮೈಯೆಲ್ಲ ಉರಿಯಾಕತ್ತಿತ್ತು. ಅವತ್ತಿನ ಪಗಾರ ಹೋಯ್ತು ಅಂತ. ಹೊಸ್ತಿಲಕ್ಕ ಹತ್ತಿ ನಾನೇ ಕುಂತೆ, ಹಿಂದ ಉಳದವ್ರು. ಆಪಾ ಒಳಗಿಂದ ಬಂದು ಕೈ ಮುಗದ್ಳು. "ಎಂಟು ದಿನ ಬಿಡ್ರಿ, ತಂಗಿ. ಕೂಸಿಗಿ ಮೈ ಕಾದದ" ಅಂದ್ಳು. ನಾ ಏನಂದೆ ಗೊತ್ತೇನ್ರಿ? "ಹಡಸ್ಲಾಕ ರೊಕ್ಕ ಇರ್ತದ, ಕಂತಿಗಿ ಇರಂಗಿಲ್ಲೇನು? ನಮ್ಮ ಮಕ್ಕಳು ಮಕ್ಕಳಲ್ಲೇನು?" ಅಂದೆ. ಜೋರಾಗಿ ಅಂದೆ, ಓಣಿ ಮಂದಿಗಿ ಕೇಳಲಿ ಅಂತ.

ಎಂಟು, ಒಂಬತ್ತು, ಹತ್ತು ಆಯ್ತು. ಒಳಗ ಶಗುಫ್ತಾ ಚಾಪಿ ಮ್ಯಾಲ ಮಲಗಿದ್ಳು, ಹಡದು ಒಂಬತ್ತು ದಿನ ಆಗಿತ್ತು. ಕೂಸು ಅಳ್ತದ, ಎದಿಗಿ ಹಚ್ಕೋತಾಳ, ಎದ್ಯಾಗ ಹಾಲಿಲ್ಲ, ಮತ್ತ ಅಳ್ತದ. ನಾವು ಬಾಗಲದಾಗ ಕುಂತಿದ್ದಕ್ಕ ಆಕಿ ಸೆರಗ ಸರಿಸಿ ಕುಂದ್ರಲಾಕೂ ನಾಚಕೋತಿದ್ಳು. ಹಿತ್ತಲಕ್ಕ ಹೋಗಬೇಕಂದ್ರೂ ನಮ್ಮನ್ನ ದಾಟಿ ಹೋಗಬೇಕು. ಹೋಗ್ಲಿಲ್ಲ. ತಡ್ಕೊಂಡು ಮಲಗಿದ್ಳು. ನನಗ ಕಾಣ್ತಿತ್ತು. ನಾ ಸರೀಲಿಲ್ಲ.

ಹನ್ನೆರಡಕ್ಕ ಅಮರನಾಥ ಭಾಗ್ಯಜ್ಯೋತಿಗಿ ಫೋನ್ ಹಚ್ಚಿದ. ಸ್ಪೀಕರ್ ಹಾಕಸಿ ಎಲ್ಲರಿಗೂ ಕೇಳೋಹಂಗ ಮಾತಾಡಿದ. "ಯಾರೂ ಎದ್ದಿಲ್ಲಲಾ? ಶಾಭಾಸ್. ಕೂಸು ಅಳ್ತದ ಅಂತ ಕರಗಬ್ಯಾಡ್ರಿ. ಅಂಬಿಕಾ ಮೇಡಂ ಅದಾರಂದ್ರ ನನಗ ಚಿಂತಿಲ್ಲ. ನಮ್ಮ ಬ್ರ್ಯಾಂಚಿನ್ಯಾಗೇ ಅವ್ರಂಥಾ ಗಟ್ಟಿ ಹೆಣಮಗಳಿಲ್ಲ" ಅಂದ.

ಅಂವ ಹಂಗ ಅಂದಾಗ ನನಗ ಖುಷಿ ಆಯ್ತು. ಸುಳ್ಳ ಯಾಕ ಹೇಳ್ಲಿ? ನನ್ನ ಗಂಡ ಹೊಗಳಿದಾಂವಲ್ಲ, ಕಾರಖಾನ್ಯಾಗ ಯಾರೂ ಹೊಗಳಿದವ್ರಲ್ಲ. ಸೆಂಟ್ ಹಚ್ಕೊಂಡಾಂವ ಒಬ್ಬ ಗಟ್ಟಿ ಹೆಣಮಗಳು ಅಂದ, ಎದಿ ಉಬ್ಬಿತು. 

ಹೊಟ್ಟಿ ಹಸೀತು. ಕೆಲಸಕ್ಕಂತ ಕಟ್ಕೊಂಡಿದ್ದ ಬುತ್ತಿ ಇತ್ತು. ಬಿಚ್ಚಿದೆ. ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ. ಪುಂಡಿ ವಾಸನಿ ಮನಿ ತುಂಬ ಹೋಯ್ತು. ಶಗುಫ್ತಾ ಮುಖ ಇತ್ತ ತಿರುವಿದ್ಳು. ಮುರ್ದೆ, ಅದ್ದಿದೆ, ತಿಂದೆ. ಒಂದು ಮಾತಿಗೂ ಉಂಡೀರೇನು ಅಂತ ಕೇಳ್ಲಿಲ್ಲ.

ಆಪಾ ಎದ್ದು ಬಂದ್ಳು. ಬೈತಾಳ ಅಂತ ತಿಳ್ಕೊಂಡೆ. ಬೈಲಾಕ ನಾನೂ ತಯಾರಿದ್ದೆ. ಆಕಿ ಒಂದು ಚರಗಿ ನೀರ ತಂದು ನನ್ನ ಮುಂದ ಇಟ್ಳು. ಮನಿ ಬಾಗಲದಾಗ ಯಾರ ಉಂಡ್ರೂ ನೀರ ಕೊಡೋದು ನಮ್ಮ ಕಡಿ ರೂಢಿ. ವೈರಿ ಉಂಡ್ರೂ ಕೊಡ್ತಾರ. ಇಟ್ಟು ಗ್ವಾಡಿಗಿ ಸರದು ನಿಂತ್ಳು. ನಾ ಆ ನೀರ ಗಟಗಟ ಕುಡದೆ.

ಮೂರಕ್ಕ ಆಪಾ ಆಡ ಬಿಚ್ಕೊಂಡು ಹೋದ್ಳು. ಕಟುಗರ ಗನಿಸಾಬ ಅಡ್ಡಾದಿಡ್ಡಿ ಕೇಳಿ ಅರ್ಧ ರೇಟಿಗಿ ಹಿಡದ. ಆಕಿ ರೊಕ್ಕ ತಂದು ಭಾಗ್ಯಜ್ಯೋತಿ ಕೈಯಾಗ ಹಾಕಿದ್ಳು. ನಾವು ಸೀರಿ ಝಾಡಿಸ್ಕೊಂಡು ಎದ್ವಿ. ವಾರ ವಾರ ಕಂತು ಕೊಡ್ತಿದ್ದ ಆಡು ಅದು. ಅದನ್ನೇ ಕೊಯ್ಯಾಕ ಕಳಿಸಿ ಬಂದ್ವಿ. ಇಂಥಾ ಮೂರ್ಖತನ ಬ್ಯಾರೆ ಯಾರಾದ್ರೂ ಮಾಡ್ತಾರೇನು?

ಆಡ ಮಾರಿದ ರೊಕ್ಕದಾಗ ತೊಂಬತ್ತನೇ ವಾರದತನ ಕಟ್ಟಿದ್ಳು. ಆಮ್ಯಾಲ ಮೀಟಿಂಗಿಗೆ ಬರೋದು ಬಿಟ್ಳು. ನಾ ಅಮರನಾಥಗ ಕೇಳ್ದೆ. "ಸರ, ತಾಜುನ್ನಿಸಾಂದು ನಿಂತದಲ್ರೀ? ಹೋಗೋದೇನ್ರಿ?" ಅಂದೆ. "ಆಕಿದು ನಾ ನೋಡ್ಕೋತೀನಿ, ನೀವು ನಿಮ್ಮದು ಬರೋಬ್ಬರಿ ಕಟ್ಕೊಂಡು ಹೋಗ್ರಿ" ಅಂದ. ಪ್ರತಿ ಗುರುವಾರ ಅದೇ ಮಾತು. ನನಗ ಜೀವಕ್ಕ ಸಮಾಧಾನ ಆಯ್ತು. ಆ ಓಣ್ಯಾಗ ಹಾಯಲಾಕ ನನಗ ಮುಖ ಇರ್ಲಿಲ್ಲ. ಸುತ್ತ ಹಾಕಿ ಸಂತಿಗಿ ಹೋಗ್ತಿದ್ದೆ.

ಹೋದ ತಿಂಗಳ ನೂರಾ ನಾಕನೇ ಗುರುವಾರ ಬಂತು. ಸುಶ್ಮಿತಾಗ ಕಲಬುರಗ್ಯಾಗ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರದೊಳಗ ಹತ್ತು ಸಾವಿರ ಕಟ್ಟಬೇಕು, ಇಲ್ಲಂದ್ರ ಸೀಟು ಬ್ಯಾರೆದವ್ರಿಗಿ. ನಾ ಮುಂಜಾನೆದ್ದು ತಲಿ ಮ್ಯಾಲ ನೀರ ಹಾಕ್ಕೊಂಡೆ, ಹಬ್ಬದ ಸೀರಿ ಉಟ್ಟೆ. ಡಬ್ಬ್ಯಾಗಿಂದ ನೀಲಿ ಕಾರ್ಡ ತಗದು ಅಕ್ಕಿ ಹಿಟ್ಟು ಒರಸಿದೆ. ಕಡೀ ಕಂತು ಕಟ್ಟಿದೆ. ಗುಂಪಿನವ್ರು ಚಪ್ಪಾಳಿ ಹೊಡದ್ರು.

"ಸರ, ಉಳಿತಾಯ?" ಅಂದೆ.

ಅಮರನಾಥ ಬ್ಯಾಗಿನ್ಯಾಗಿಂದ ನೂರರ ಎರಡು ನೋಟ ತಗದು ನನ್ನ ಕಾರ್ಡಿನ ಮ್ಯಾಲ ಇಟ್ಟ.

"ಇದೇನ್ರಿ?"

"ನಿಮ್ಮ ಉಳಿತಾಯ ಮೇಡಂ. ತಾಜುನ್ನಿಸಾಂದು ಹದಿನಾಕು ಕಂತು ಬಾಕಿ, ಒಂಬತ್ತು ಸಾವಿರದ ನೂರು. ದಂಡ ಹನ್ನೊಂದುನೂರು. ಜಾಮೀನು ನಿಮ್ಮದು. ನಿಮ್ಮದರಾಗ ಮುರ್ಕೊಂಡೀವಿ. ಇನ್ನೂರು ಉಳೀತು."

 "ಹದಿನಾಕು ವಾರ ನೀವು ನೋಡ್ಕೋತೀನಿ ಅಂದ್ರಲ್ರೀ?"

"ನೋಡ್ಕೊಂಡೀನಲ್ಲ" ಅಂದ. ನಕ್ಕ. ಖರೇ ನಕ್ಕ.

ಆಗ ತಿಳೀತು ನನಗ. ಆತಗ ಆಪಾನ ಬೆನ್ನ ಹತ್ತೋ ಕೆಲಸೇ ಇರ್ಲಿಲ್ಲ. ನನ್ನ ನೂರು ನೂರು ರೂಪಾಯಿ ಆತನ ಬ್ಯಾಗಿನ್ಯಾಗೇ ಬೀಳ್ತಿದ್ವು. ನಾ ಚಹಾದಾಗ ಹಾಲ ಬಿಟ್ಟು ಆಪಾನ ದಂಡ ಕಟ್ಟಾಕತ್ತಿದ್ದೆ, ಎಲ್ಲಾ ಮುಗಿಯೋತನ ಬಾಯಿ ಬಿಡಬಾರ್ದು ಅಂತ ಆತ ಸುಮ್ಮನ ಕಾದಿದ್ದ. ಆತಗೂ ಮ್ಯಾಲಿನವ್ರ ಒತ್ತಡ ಇರ್ತದ ಅಂತಾರ. ಇರಲಿ. ನನಗೇನು ಅದು? ನನ್ನ ತೊಡಿ ಕೆತ್ತಿತ್ತು, ಆತಂದಲ್ಲ.

"ಆಪಾಂದೂ ಉಳಿತಾಯ ಅದಲ್ರೀ ನಿಮ್ಮಲ್ಲಿ? ತೊಂಬತ್ತು ವಾರದ್ದು. ಒಂಬತ್ತು ಸಾವಿರ ಆಗ್ತದಲ್ಲ?"

"ಬಾಕಿದಾರರ ಉಳಿತಾಯ ಜಪ್ತಿ ಆಗ್ತದ. ರೂಲ್ ಅದ."

ನೋಡ್ರಿ ಹೆಂಗದ. ಆಕಿ ಒಂಬತ್ತು ಸಾವಿರನೂ ನುಂಗಿದ್ರು, ಅದೇ ಬಾಕಿಗಿ ನನ್ನ ಹತ್ತು ಸಾವಿರನೂ ನುಂಗಿದ್ರು. ಒಂದೇ ಹೆಣ, ಎರಡು ಸಲ ಕಿತ್ತು ತಿನ್ನೋದು.

"ಅಳಬ್ಯಾಡ್ರಿ ಮೇಡಂ. ಇನ್ನೊಂದು ದಾರಿ ಅದ" ಅಂದ. ನಾ ಅಳಾಕತ್ತಿದ್ದಿಲ್ಲ. "ನಡೀರಿ, ಆಕಿ ಬಾಗಲದಾಗ ಕುಂದ್ರಿ. ಇವತ್ತ ಕುಂದ್ರಿ, ನಾಳಿ ಕುಂದ್ರಿ. ಆಕಿ ಕೊಟ್ಳಂದ್ರ ನಿಮ್ಮ ರೊಕ್ಕ ನಿಮಗ. ನಿಮಗೇನು ಹೊಸಾದಲ್ಲ, ನೀವು ಗಟ್ಟಿ ಹೆಣಮಗಳು."

ಭಾಗ್ಯಜ್ಯೋತಿ ಎದ್ದು ಸೆರಗ ಸಿಕ್ಕಸ್ಕೊಂಡ್ಳು. "ನಡಿಯಬೇ ಅಂಬಿಕಾ, ಹೋಗಾಮ. ನಾ ಬುತ್ತಿ ತಂದೀನಿ" ಅಂದ್ಳು. ಆಕಿ ಕೈಯಾಗ ಅರಬಿ ಗಂಟು. ರೊಟ್ಟಿ ವಾಸನಿ ಬಡೀತು.  ಆ ಅಂಗಳದಾಗೇ, ಆತನ ಕುರ್ಚಿ ಬಾಜೂಕ ವಾಂತಿ ಮಾಡ್ಕೊಂಡೆ. ಆತ ಬೂಟ ಹಿಂದ ತಗೊಂಡ.

ಬಾಯಿ ಒರಸ್ಕೊಂಡು ಎದ್ದೆ. "ನಡೀರಿ ಆಪಾನ ಮನಿಗಿ" ಅಂದೆ. ಆ ಇನ್ನೂರು ರೂಪಾಯಿ ಅಲ್ಲೇ ಬಿಟ್ಟೆ.

ಹೋದ್ವಿ. ತಾಜುನ್ನಿಸಾ ಬಾಗಲದಾಗೇ ಕುಂತು ಕೂಸಿಗಿ ಅಂಬಲಿ ಕುಡಸಾಕತ್ತಿದ್ಳು. ಕೂಸಿಗಿ ನಾಕು ತಿಂಗಳು. ಅದರ ಕಾಲು ನನ್ನ ಬೆರಳಷ್ಟೇ ದಪ್ಪ ಇದ್ವು. ನಮ್ಮನ್ನ ನೋಡಿದ್ಳು. ಮುಖದಾಗ ಸಿಟ್ಟಿಲ್ಲ, ಏನೂ ಇಲ್ಲ. ಕೂಸಿನ್ನ ಶಗುಫ್ತಾಗ ಕೊಟ್ಟು ಒಳಗ ಹೋದ್ಳು. ಚರಗಿ ನೀರ ತಂದು ಹೊಸ್ತಿಲ ಮ್ಯಾಲ ಇಟ್ಳು. ಗ್ವಾಡಿಗಿ ಸರದು ನಮಗ ಕುಂದ್ರಲಾಕ ಜಾಗ ಮಾಡಿ ಕೊಟ್ಳು.

ಜಾಗ ಮಾಡಿ ಕೊಟ್ಳರೀ! ನಾನೇ ಆಕಿಗಿ ಇದನ್ನ ಕಲಿಸಿದ್ದೆ.

"ಆಪಾ, ಚಪ್ಪಲ್ ಹಾಕ್ಕೋ" ಅಂದೆ.

"ಎಲ್ಲಿಗಿ? ಠಾಣಾಕ್ಕೇನು?"

"ಆಫೀಸಿಗಿ. ಕುಂದ್ರಲಾಕ."

"ಯಾರ ಬಾಗಲದಾಗ?"

"ಅವ್ರ ಬಾಗಲದಾಗ. ನನ್ನ ರೊಕ್ಕ ಅವ್ರು ಕೊಡಬೇಕು. ನಿಂದೂ ಕೊಡಬೇಕು. ಕೊಡೋತನ ಏಳಂಗಿಲ್ಲ."

ಹೆಣಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಮೂರು ಮಂದಿ ಅಲ್ಲಿಂದೇ ಮನಿಗಿ ಹೋದ್ರು. ಇಬ್ಬರು ಬಸ್‌ಸ್ಟ್ಯಾಂಡಿನತನ ಬಂದು ಹಿಂದಕ ಸರದ್ರು. ಭಾಗ್ಯಜ್ಯೋತಿ ಆಫೀಸಿನ ಮೆಟ್ಟಲದತನ ಬಂದ್ಳು. "ನಂದು ಎಂಬತ್ತು ಸಾವಿರ ಹೊಸಾ ಸಾಲ ಪಾಸಾಗ್ಯದಬೇ. ನನ್ನ ಹೆಸರ ಕಡಿತಾರ" ಅಂದ್ಳು. ಕೈಯಾಗಿನ ಬುತ್ತಿ ಗಂಟ ನನ್ನ ಕೈಯಾಗ ಹಾಕಿ ತಲಿ ಬಗ್ಗಿಸ್ಕೊಂಡು ಹೋದ್ಳು.  ಆಕಿಗಿ ಬೈಲಾಕ ನನಗ ಯಾವ ಬಾಯಿ ಅದ? ಕಡೀಕ ಉಳದದ್ದು ನಾಕೇ ಮಂದಿ. ನಾ, ತಾಜುನ್ನಿಸಾ, ಮತ್ತ ನನ್ನ ಜೋಡಿ ಕಲ್ಲ ಎತ್ತೋ ಇಬ್ಬರು.

ಮೊಬೈಲ್ ಅಂಗಡಿ ಮ್ಯಾಲ ಅವ್ರ ಆಫೀಸು. ಸಣ್ಣ ಮೆಟ್ಟಲ, ಮ್ಯಾಲ ಗಾಜಿನ ಬಾಗಲು. ನಾ ಬಾಗಲಕ್ಕ ಬೆನ್ನ ಹಚ್ಚಿ ಕುಂತೆ. ಉಳದವ್ರು ಮೆಟ್ಟಲ ಮ್ಯಾಲ ಕುಂತ್ರು. ಅಮರನಾಥ ಬಂದ. ನಮ್ಮನ್ನ ನೋಡಿ ಮೆಟ್ಟಲದಾಗೇ ನಿಂತ.

"ಏನ್ರಿ ಇದು? ಏಳ್ರಿ. ಇದು ಆಫೀಸು."

"ಆಪಾಂದು ಮನಿ ಇತ್ತು" ಅಂದೆ.

"ಪೊಲೀಸರಿಗಿ ಕರೀತೀನಿ."

"ಕರೀರಿ. ನಾವು ಬೈದಿಲ್ಲ, ಕೈ ಹಚ್ಚಿಲ್ಲ. ಕುಂತೀವಿ ಅಷ್ಟೇ. ನೀವೇ ಕಲಿಸಿದ್ದು."

"ಮೇಡಂ, ನಿಮಗ ಮುಂದ ಎಲ್ಲೂ ಸಾಲ ಹುಟ್ಟಂಗಿಲ್ಲ. ನಿಮ್ಮ ಮಗಳಿಗೂ ಹುಟ್ಟಂಗಿಲ್ಲ."

"ಹುಟ್ಟದಿದ್ರ ಹಾಳಾಗಿ ಹೋಗಲಿ" ಅಂದೆ. ಆತ ನಮ್ಮನ್ನ ದಾಟ್ಕೊಂಡು ಒಳಗ ಹೋದ.

ಗುರುವಾರ ಹತ್ತೂವರಿಂದ ಹೊಸಾ ಸಾಲ ಹಂಚೋ ಹೊತ್ತು. ಮುಧೋಳ ಕಡಿಯಿಂದ ಟಂಟಂ ತುಂಬ ಹೆಣಮಕ್ಕಳು ಬಂದಿಳದ್ರು. ಕೈಯಾಗ ಆಧಾರ್ ಕಾರ್ಡ, ಫೋಟೋ. ಹೂವ ಮುಡ್ಕೊಂಡು ಬಂದಿದ್ರು ಪಾಪ, ಎರಡು ವರ್ಷದ ಹಿಂದ ನಾನೂ ಹಂಗೇ ಮುಡ್ಕೊಂಡು ಬಂದಿದ್ದೆ. ಮೆಟ್ಟಲ ತುಂಬ ನಾವು ಕುಂತಿದ್ದು ನೋಡಿ, ಯಾಕ ಕುಂತೀರಿ ಯಕ್ಕಾ ಅಂತ ಒಬ್ಬಾಕಿ ಕೇಳಿದ್ಳು. ನಾ ನೀಲಿ ಕಾರ್ಡ ತೋರ್ಸಿದೆ. ನೂರಾ ನಾಕು ಸಹಿ ತೋರ್ಸಿದೆ. ಕೊಟ್ಟದ್ದು ಇನ್ನೂರು ಅಂತ ಹೇಳ್ದೆ. ಕಾರ್ಡ ಕೈಯಿಂದ ಕೈಗಿ ಕೆಳಗ ಹೋಯ್ತು. ಓದಲಾಕ ಬರೋ ಹುಡುಗಿ ಒಬ್ಬಾಕಿ ಜೋರಾಗಿ ಓದಿದ್ಳು. ಐದು ಮಂದಿ ತಿರುಗಿ ಹೋದ್ರು. ಆಮ್ಯಾಲ ಇನ್ನಾ ಎಂಟು ಮಂದಿ. ಟಂಟಂದಾಂವ ಇವ್ರನ್ನ ಹತ್ತಿಸ್ಕೊಂಡು ಹಾರ್ನ್ ಹೊಡೀಲಾಕತ್ತಿದ.

ಆಗ ನೋಡ್ರಿ ಆಫೀಸಿನ ಒಳಗ ಓಡ್ಯಾಟ. ಬಾಗಲು ತಗದ್ರು. ಹನ್ನೆರಡಕ್ಕ ಅಮರನಾಥ ಹೊರಗ ಬಂದು ನನ್ನ ಮುಂದ ಬಗ್ಗಿ ಕುಂತ. ಇಸ್ತ್ರಿ ಪ್ಯಾಂಟು ನೆಲಕ್ಕ ಹತ್ತಿತು. ನೋಟಿನ ಕಟ್ಟ ನನ್ನ ಉಡ್ಯಾಗ ಇಟ್ಟ. "ಹತ್ತು ಸಾವಿರದ ನಾಕುನೂರು. ಎಣಿಸ್ಕೋರಿ. ಸಾಲ ಮುಗದ ಕಾಗದನೂ ಅದ. ಮ್ಯಾನೇಜರ ಸರ ನಿಮಗೊಬ್ಬರಿಗೇ ಅಂತ ಒಪ್ಯಾರ. ಸುಮ್ಮನ ಎದ್ದು ಹೋಗ್ರಿ. ಮಗಳ ಫೀ ಕಟ್ರಿ. ಆ ತಾಜುನ್ನಿಸಾಂದು ನಿಮಗ್ಯಾಕ? ಆಕಿದು ನಾವು ನೋಡ್ಕೋತೀವಿ."

ಎಣಿಸ್ದೆ. ಬರೋಬ್ಬರಿ ಇತ್ತು. ಸುಶ್ಮಿತಾಗ ಫೋನ್ ಹಚ್ಚಿದೆ. ಆಕಿ ಫಾರ್ಮ್ ಹಿಡ್ಕೊಂಡು ಓಡಿ ಬಂದ್ಳು, ಅದೇ ಹೊಲಿಸಿದ ಚಪ್ಪಲ್. ರೊಕ್ಕ ಕೊಟ್ಟೆ. "ಅಪ್ಪನ ಕರ್ಕೊಂಡು ಈಗಿಂದೀಗ ಕಟ್ಟಿ ಬಾ" ಅಂದೆ. ಆಕಿ ನೋಟ ಎದಿಗಿ ಅವಚಿ ಹಿಡ್ಕೊಂಡ್ಳು. "ನೀ ಬರಂಗಿಲ್ಲೇನಬೇ?"

ಬರ್ತೀನಿ ಅಂದೆ. ಎದ್ದೆ. ಇದೂ ಹೇಳಬೇಕಲ್ಲ, ಎದ್ದೆ. ನನ್ನದು ಮುಗದಿತ್ತು, ಕಾಗದ ಕೈಯಾಗಿತ್ತು, ಮಗಳು ಮುಂದ ನಿಂತಿದ್ಳು. ಮೂರು ಮೆಟ್ಟಲ ಇಳದೆ. ನಾಕನೇ ಮೆಟ್ಟಲದ ಮ್ಯಾಲ ತಾಜುನ್ನಿಸಾ ಕುಂತಿದ್ಳು. ನಾ ಬರೋದು ನೋಡಿ ಸೀರಿ ಎಳಕೊಂಡು ಗ್ವಾಡಿಗಿ ಸರದ್ಳು. ನನಗ ದಾರಿ ಬಿಟ್ಳು. ಅವತ್ತ ಸರದಂಗೇ ಸರದ್ಳು.

"ನೀ ಹೋಗವ್ವಾ ಸುಶ್ಮಿತಾ" ಅಂದೆ. "ನನಗ ಇಲ್ಲಿ ಕೆಲಸ ಅದ." ತಿರುಗಿ ಏರಿ ಬಂದು ಗಾಜಿನ ಬಾಗಲಕ್ಕ ಬೆನ್ನ ಹಚ್ಚಿ ಕುಂತೆ.

ಅಮರನಾಥಗ ಸಿಟ್ಟ ನೆತ್ತಿಗೇರಿತು. "ನಿಮ್ಮದು ಕೊಟ್ಟಾಯ್ತಲ್ರೀ! ಮತ್ತೇನು?"

ನಾ ಕಾರ್ಡ ಹೊರಳಿಸಿ ಹಿಂದಿನ ಅಚ್ಚ ತೋರ್ಸಿದೆ. "ಒಬ್ಬರ ಹಣ ಬಾಕಿ ಇರುವವರೆಗೆ ಯಾರೂ ಏಳುವುದಿಲ್ಲ. ಎರಡು ವರ್ಷ ನಿಮ್ಮ ಮುಂದ ಕೈ ಮುಂದ ಮಾಡಿ ಹೇಳೀವಿ. ಇವತ್ತ ಖರೇ ಹೇಳಾಕತ್ತೀವಿ. ಆಪಾನ ಒಂಬತ್ತು ಸಾವಿರ ನಿಮ್ಮಲ್ಲೇ ಅದ. ಅದನ್ನ ಮುರ್ಕೋರಿ. ದಂಡ ಬಿಡ್ರಿ. ಉಳದದ್ದು ನೂರು ರೂಪಾಯಿ. ಆ ನೂರು ನಾವೇ ಕೊಡ್ತೀವಿ. ಆಕಿದೂ ಮುಗೀತು ಅಂತ ಕಾಗದ ಕೊಡ್ರಿ."

ಆತ ಬಾಗಲು ಬಡದು ಒಳಗ ಹೋದ. ಗಾಜು ನನ್ನ ಬೆನ್ನಿಗಿ ಬಡೀತು.

ಎರಡು ಆಯ್ತು. ಬಿಸಲ ಮೆಟ್ಟಲದ ಮ್ಯಾಲ ಬಂತು. ನಾ ಭಾಗ್ಯಜ್ಯೋತಿ ಬುತ್ತಿ ಬಿಚ್ಚಿದೆ. ಮೂರು ರೊಟ್ಟಿ, ಪುಂಡಿಪಲ್ಯ. ಒಂದು ರೊಟ್ಟಿ ಮ್ಯಾಲ ಪಲ್ಯ ಇಟ್ಟು ಮೊದ್ಲ ತಾಜುನ್ನಿಸಾಗ ಹಿಡದೆ. ಆಕಿ ರೊಟ್ಟಿ ನೋಡಿದ್ಳು, ನನ್ನ ನೋಡಿದ್ಳು.

"ಶಗುಫ್ತಾ ಅವತ್ತ ನಿನ್ನ ಕೈ ನೋಡಾಕತ್ತಿದ್ಳು" ಅಂದ್ಳು. "ಕೈ ಬಾಯಿಗಿ ಹೋಗೋದು, ಬರೋದು. ಮುಂಜಾನಿಂದ ಆಕಿ ಹೊಟ್ಟ್ಯಾಗ ಬರೇ ಚಹಾ ಇತ್ತು."

"ಗೊತ್ತದ ಆಪಾ."

"ಗೊತ್ತಿತ್ತಲ್ಲ. ಅದೇ ಮತ್ತ."

ನನಗ ಅಳು ಬಂತು. ಮಾಫ್ ಮಾಡು ಅಂತ ನಾ ಅನ್ಲಿಲ್ಲ. ಅಂದಿದ್ರೂ ಆಕಿ ಮಾಡ್ತಿದ್ದಿಲ್ಲ, ಮಾಡಬಾರ್ದು. ಆಕಿ ರೊಟ್ಟಿ ತಗೊಂಡು ಅರ್ಧ ಮುರದ್ಳು. ಅರ್ಧ ಸೆರಗಿನ ತುದ್ಯಾಗ ಶಗುಫ್ತಾಗಂತ ಕಟ್ಕೊಂಡ್ಳು. ಉಳದ ಅರ್ಧ ತಿಂದ್ಳು. ನಾವೂ ತಿಂದ್ವಿ, ನಾಕು ಮಂದಿ, ಅವ್ರ ಗಾಜಿನ ಬಾಗಲದಾಗ ಕುಂತು.

ಅಮರನಾಥ ಬಾಗಲು ತಗದ. ಹಿಂದ ಮ್ಯಾನೇಜರನೂ ನಿಂತಿದ್ದ. ಅವ್ರೂ ಊಟಕ್ಕ ಹೋಗಬೇಕಾಗಿತ್ತು. "ದಾರಿ ಬಿಡ್ರಿ. ಏನ್ ಹೊಲಸು ಮಾಡಾಕತ್ತೀರಿ ಇಲ್ಲಿ? ರೊಟ್ಟಿ ತಿನ್ನೋ ಜಾಗ ಏನ್ರಿ ಇದು?" ಅಂದ.

ನಾ ಬಾಯಿ ತಗಿಯೋದ್ರಾಗ ತಾಜುನ್ನಿಸಾ ಎದ್ದು ನಿಂತ್ಳು. ಮುಂಜಾನಿಂದ ಆತನ ಜೋಡಿ ಒಂದು ಮಾತೂ ಆಡಿದ್ದಿಲ್ಲ. ಈಗ ಮೆಟ್ಟಲ ಏರಿ ಬಂದು ಆತನ ಮುಖದ ಮುಂದ ನಿಂತ್ಳು. ಕೈಗಿ ಪುಂಡಿಪಲ್ಯ ಹತ್ತಿತ್ತು.

"ಬಾಗಲದಾಗ ಉಣ್ಣೋರಿಗಿ ನೀರ ಕೊಡಬೇಕ್ರಿ ಸರ" ಅಂದ್ಳು. "ನಾ ಕೊಟ್ಟಿದ್ದೆ."

ಅಮರನಾಥ ಮ್ಯಾನೇಜರನ್ನ ನೋಡಿದ. ಮ್ಯಾನೇಜರ ಕೆಳಗ ರಸ್ತಾ ನೋಡಿದ. ಮೊಬೈಲ್ ಅಂಗಡಿ ಮಂದಿ, ಟಂಟಂದವ್ರು, ಇನ್ನಾ ಹೋಗದ ಉಳದ ಮುಧೋಳದ ಹೆಣಮಕ್ಕಳು, ಎಲ್ಲರೂ ಮ್ಯಾಲ ಮುಖ ಮಾಡಿ ನಿಂತಿದ್ರು. ಆಪಾ ನಿಂತ ಜಾಗ ಬಿಟ್ಟು ಅಲುಗಲಿಲ್ಲ. ಅಮರನಾಥ ಒಳಗ ಹೋದ. ಜಗ್ಗು ಹಿಡ್ಕೊಂಡು ಬಂದ, ತಾನೇ ಬಗ್ಗಿ ಆಕಿ ಕಾಲಿನ ಹತ್ರ ಇಟ್ಟ.

ಆಪಾ ಮೊದ್ಲ ಕುಡದ್ಳು. ಆಮ್ಯಾಲ ನಾವು ಕುಡದ್ವಿ. ಕುಡದು ಜಗ್ಗು ಬಾಜೂಕ ಇಟ್ವಿ.

ಆಪಾನ ಕಾಗದ ಇನ್ನಾ ಬಂದಿದ್ದಿಲ್ಲ. ನಾವು ಏಳ್ಲಿಲ್ಲ.